ಸಾವ್ಕಾರರ ಮನೆಯ ಐದು ಹುಂಜಗಳು

ಮದುವೆಯಾಗಿ ಬಂದ ಸೊಸೆಗೆ ಬೀಗದ ಕೈ ಗೊಂಚಲು ಕೊಡುವ ಅತ್ತೆಯಂದಿರು ಇರುತ್ತಾರೆಂದು ಕೇಳಿದ್ದೇನೆ. ನನ್ನ ಅತ್ತೆ ನನ್ನ ಕೈಗೆ ಕೊಟ್ಟದ್ದು ಕೋಳಿ ಮುಚ್ಚುವ ಬುಟ್ಟಿ. ಬೀಗ ಹಾಕಿಡುವಂಥದ್ದು ನಮ್ಮ ಮನೆಯಲ್ಲಿ ಏನೂ ಇರಲಿಲ್ಲ ಅನ್ನುವುದೂ ಒಂದು ಕಾರಣ. ನಾನು ಗಟ್ಟು ಕಡೆಯವಳು. ಗದ್ವಾಲ ದಾಟಿ, ಹರಗೋಲಿನಲ್ಲಿ ಕೃಷ್ಣೆ ದಾಟಿ, ಮಕ್ತಲ್‌ನಿಂದ ನಾರಾಯಣಪೇಟೆಗೆ ಹೋಗುವ ಬಂಡಿದಾರಿಯ ಮಗ್ಗುಲಿನ ಊರಿಗೆ ಬಂದಿದ್ದೆ. ಗಂಡ ಕುರಿ ಹಿಂಡಿನ ಹಿಂದೆ ವರ್ಷದಲ್ಲಿ ಎಂಟು ತಿಂಗಳು ಹೊರಗೇ. ಮನೆಯಲ್ಲಿ ಉಳಿದವರೆಂದರೆ ಅತ್ತೆ, ನಾನು, ಹನ್ನೊಂದು ಹ್ಯಾಟೆ ಕೋಳಿ, ಒಂದು ಹುಂಜ. ಈ ಹದಿನಾಲ್ಕು ಜನರಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುತ್ತಿದ್ದವಳು ನಾನೇ ಎಂದರೆ ಈಗ ನನ್ನ ಮೊಮ್ಮಕ್ಕಳು ನಗುತ್ತಾರೆ.

ಕೋಳಿ ಸಾಕುವುದೆಂದರೆ ನಾಲ್ಕು ಕಾಳು ಚೆಲ್ಲಿ ಬಾ ಬಾ ಎಂದು ಕರೆಯುವುದು ಎಂದುಕೊಂಡವರಿಗೆ ನನ್ನ ನಮಸ್ಕಾರ. ಬೆಳಿಗ್ಗೆ ಬುಟ್ಟಿ ಎತ್ತುವ ಮೊದಲು ಒಂದೊಂದೇ ಹ್ಯಾಟೆಯನ್ನು ಹಿಡಿದು, ಬಾಲದ ಕೆಳಗೆ ಬೆರಳಿಟ್ಟು, ಇವತ್ತು ಇದರ ಹೊಟ್ಟೆಯಲ್ಲಿ ಮೊಟ್ಟೆ ಇದೆಯೋ ಇಲ್ಲವೋ ನೋಡಬೇಕು. ಇದ್ದರೆ ಅದನ್ನು ಇಡುವ ತನಕ ಬುಟ್ಟಿಯೊಳಗೇ ಮುಚ್ಚಿಡಬೇಕು. ಇಲ್ಲದಿದ್ದರೆ ಅದು ಯಾರದೋ ಹಿತ್ತಲಿಗೆ ಹೋಗಿ ಇಟ್ಟು, ಏನೂ ಗೊತ್ತಿಲ್ಲದವರ ಹಾಗೆ ತಿರುಗಿ ಬರುತ್ತದೆ. ಅತ್ತೆಯ ಬೆರಳು ಒಂದು ದಿನವೂ ತಪ್ಪುತ್ತಿರಲಿಲ್ಲ. ನನ್ನ ಬೆರಳು ತಪ್ಪುತ್ತಿತ್ತು. ಅದರಲ್ಲೂ ಬೂದಿ ಬಣ್ಣದ ಒಂದು ಹ್ಯಾಟೆ ನಾನು ಕೈಯಿಟ್ಟ ಕೂಡಲೇ ಮೈ ಬಿಗಿಹಿಡಿದು ನನಗೆ ಮೋಸ ಮಾಡುತ್ತಿತ್ತು. ಇಲ್ಲವೆಂದು ಬಿಟ್ಟುಬಿಡುತ್ತಿದ್ದೆ. ಅದು ಬಾಲ ಎತ್ತಿಕೊಂಡು ಸೀದಾ ಹಿತ್ತಲಗೋಡೆ ಹಾರುತ್ತಿತ್ತು.

ಆ ಗೋಡೆಯ ವಿಷಯ ಹೇಳಬೇಕು. ಕಲ್ಲು ಮಣ್ಣಿನ ಗೋಡೆ, ನನ್ನ ಎದೆಯ ಮಟ್ಟಕ್ಕಿತ್ತು. ಅದರ ಆಚೆ ಬಟ್ಟೆ ವ್ಯಾಪಾರದ ಸಾವ್ಕಾರರ ಹಿತ್ತಲು. ನಾರಾಯಣಪೇಟೆಯ ನೇಕಾರರಿಂದ ಸೀರೆ ತಂದು ಮಾರುವವರು, ಅವರಿಗೆ ರೇಷ್ಮೆ ನೂಲು ಒದಗಿಸುವವರು, ಲಿಂಗ ಕಟ್ಟಿದವರು. ಅವರ ಮನೆಯಲ್ಲಿ ಮೊಟ್ಟೆ ಎನ್ನುವ ಮಾತೂ ಬಾಯಿಂದ ಬರುವಂತಿರಲಿಲ್ಲ. ನಮ್ಮ ಕೋಳಿ ಆಚೆಗೆ ಜಿಗಿದರೆ ಅವರ ಆಳು ಕಸಬರಿಗೆ ಹಿಡಿದು ಓಡಿಸಿ, ಅದು ನಿಂತ ಜಾಗಕ್ಕೆ ನೀರು ಹಾಕುತ್ತಿದ್ದ. ನಮ್ಮ ಕೋಳಿಗಳಿಗೆ ಅಷ್ಟು ಮರ್ಯಾದೆ ನಮ್ಮ ಮನೆಯಲ್ಲೂ ಸಿಗುತ್ತಿರಲಿಲ್ಲ.

ಸಾವ್ಕಾರರ ಹೆಂಡತಿ ನನಗಿಂತ ಎರಡು ವರ್ಷ ದೊಡ್ಡವಳು. ರಾಯಚೂರಿನ ದೊಡ್ಡ ಮನೆಯಿಂದ ಬಂದವಳು. ಗಂಡ ಹಗಲೆಲ್ಲ ಅಂಗಡಿಯಲ್ಲಿ, ವಾರಕ್ಕೊಮ್ಮೆ ನಾರಾಯಣಪೇಟೆಯಲ್ಲಿ. ಮನೆಯ ಹಿರಿಯರ ಮುಂದೆ ತಲೆ ಎತ್ತುವಂತಿಲ್ಲ. ಅವಳು ಬಟ್ಟೆ ಒಣಗಿಸುವ ನೆಪದಲ್ಲಿ ಗೋಡೆಯ ಹತ್ತಿರ ಬಂದು ನಿಂತು ನಮ್ಮ ಕೋಳಿಗಳನ್ನು ನೋಡುತ್ತಿದ್ದಳು. ಒಂದೇ ಸೀರೆಯನ್ನು ಮೂರು ಸಲ ಹಿಂಡಿ ಮೂರು ಸಲ ಹರವುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಅವಳನ್ನು ಅಕ್ಕಾರ ಎನ್ನುತ್ತಿದ್ದೆ, ಅವಳು ನನ್ನನ್ನು ತಂಗಿ ಎನ್ನುತ್ತಿದ್ದಳು.

"ತಂಗಿ, ಆ ಕರೀದು ಯಾಕ ಎಲ್ಲಾರನ್ನೂ ಕುಕ್ಕತೈತಿ?"

"ಅದು ಹಿರೇ ಸೊಸಿ ಅದಾಳ್ರಿ ಅಕ್ಕಾರ."

"ಈ ಬೂದೀದು?"

"ಅದು ಕಳ್ಳಿ."

ಕೋಳಿಯ ವಿಷಯದಲ್ಲಿ ನನ್ನನ್ನು ಪಂಡಿತಳೆಂದು ತಿಳಿದವರು ಜಗತ್ತಿನಲ್ಲಿ ಅವಳೊಬ್ಬಳೇ. ಅದಕ್ಕೇ ಇರಬೇಕು, ನನಗೆ ಅವಳೆಂದರೆ ಪ್ರಾಣ.

ಒಂದು ದಿನ ಬೂದಿ ಹ್ಯಾಟೆ ಕಾಣೆಯಾಯಿತು. ಸಂಜೆ ಎಣಿಸಿದರೆ ಹತ್ತೇ. ನಾನು ಮೊದಲು ಕಾಡುಬೆಕ್ಕಿನ ಮೇಲೆ ಹಾಕಿದೆ, ಆಮೇಲೆ ಹದ್ದಿನ ಮೇಲೆ. ಅತ್ತೆ ಮಾತ್ರ ನನ್ನ ಬೆರಳಿನ ಮೇಲೆ ಹಾಕಿದರು. ಮೂರು ವಾರ ದಿನಾ ಬೆಳಿಗ್ಗೆ, ಬುಟ್ಟಿ ಎತ್ತುವ ಹೊತ್ತಿಗೆ, ನನಗೆ ಅದೇ ಮಂಗಳಾರತಿ. ಗೋಡೆಯ ಆಚೆ ಅಕ್ಕ ನಿಂತು ಎಲ್ಲವನ್ನೂ ಕೇಳುತ್ತಿದ್ದಳು, ಕನಿಕರದ ಮುಖ ಮಾಡುತ್ತಿದ್ದಳು.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಕೈಬೀಸಿ ಕರೆದಳು. "ತಂಗಿ, ಬಾ ಇಲ್ಲಿ. ಒದರಬ್ಯಾಡ. ನಿಮ್ಮ ಕಳ್ಳಿ ನಮ್ಮ ಬಣವ್ಯಾಗ ಐತಿ. ಹತ್ತು ಮರಿ ಮಾಡೈತಿ."

ಅವರ ಹಿತ್ತಲಲ್ಲಿ ಜೋಳದ ಕಣಿಕೆಯ ದೊಡ್ಡ ಬಣವೆ ಇತ್ತು. ಅದರ ಸಂದಿಯಲ್ಲಿ ನಮ್ಮ ಹ್ಯಾಟೆ ಕಾವಿಗೆ ಕೂತಿತ್ತಂತೆ. ಇವಳು ದಿನಾ ಒಡೆದ ಗಡಿಗೆಯ ಚೂರಿನಲ್ಲಿ ನೀರಿಟ್ಟು, ಮುಂದೆ ಎರಡು ಕಟ್ಟು ಕಣಿಕೆ ಅಡ್ಡ ನಿಲ್ಲಿಸಿ ಬರುತ್ತಿದ್ದಳಂತೆ. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟಿಗೆ ಆಗಲೂ ಕಾಲಿರಲಿಲ್ಲ, ರೆಕ್ಕೆಯೇ ಇತ್ತು.

"ಮೂರು ವಾರದಿಂದ ನಾ ಬೈಸ್ಕೊಳ್ಳಾಕತ್ತೀನಿ. ನೀವು ನಿಂತು ನೋಡಿದ್ರ್ಯಾ ಅಕ್ಕಾರ?"

"ಹೇಳಿದ್ರ ನೀ ಹಿಡ್ಕೊಂಡು ಹೋಗ್ತಿದ್ದಿ. ನಮ್ಮೋರಿಗೆ ಗೊತ್ತಾದ್ರ ತತ್ತಿ ಸುದ್ದಾ ಹೊರಗ ಒಗೀತಿದ್ರು. ಅದು ಅಲ್ಲಾಡದ ಕುಂತಿತ್ತು ತಂಗಿ. ಅನ್ನ ನೀರು ಬಿಟ್ಟು ಕುಂತಿತ್ತು. ನಾ ಯಾವತ್ತೂ ಅಂಥಾದ್ದು ನೋಡಿದ್ದಿಲ್ಲ."

ಅವಳು ಹಾಗೆ ಹೇಳಿದ ಮೇಲೆ ಸಿಟ್ಟು ಎಲ್ಲಿ ನಿಲ್ಲುತ್ತದೆ? ಆಳು ಊಟಕ್ಕೆ ಹೋದ ಹೊತ್ತು ನೋಡಿ ನಾನು ಗೋಡೆ ಹಾರಿದೆ. ಹತ್ತು ಮರಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ತಾಯಿ ನನ್ನ ಮೊಣಕೈ ಕುಕ್ಕಿ ರಕ್ತ ಬರಿಸಿತು. ಅಕ್ಕ ಕಾವಲು ನಿಂತು, ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು. ಕಾವಲುಗಾತಿಯೆಂದರೆ ಅವಳೇ.

ಇಲ್ಲಿಂದ ಶುರುವಾಯಿತು ನೋಡಿ ಪಜೀತಿ. ನಮ್ಮ ಕಡೆ ಒಂದು ಪದ್ಧತಿ ಇತ್ತು. ಕೋಳಿ ಒಬ್ಬರದು, ಕಾವಿಗೆ ಕೂತ ಜಾಗ ಇನ್ನೊಬ್ಬರದು ಆದರೆ, ಮರಿಗಳಲ್ಲಿ ಅರ್ಧ ಆ ಜಾಗದವರಿಗೆ. ಬಡವರ ಮನೆಗಳಲ್ಲಿ ಹೀಗೆ ಪಾಲಿಗೆ ಕೋಳಿ ಕೊಟ್ಟೇ ಎಲ್ಲರ ಅಂಗಳ ತುಂಬುತ್ತಿತ್ತು. ಅತ್ತೆಗೆ ಚೇಷ್ಟೆ ಮಾಡದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ಅವರು ಗೋಡೆಯ ಹತ್ತಿರ ಹೋಗಿ, "ಐದು ನಿಮ್ಮ ಪಾಲಿಗೆ ಬಂದಾವ ನೋಡ್ರೆವ್ವಾ. ಯಾವಾಗ ಒಯ್ತೀರಿ?" ಎಂದರು. ಶಿವ ಶಿವಾ ಎಂದು ಅವಳು ಕಿವಿ ಮುಚ್ಚಿಕೊಂಡು ಓಡುತ್ತಾಳೆ, ತಾವು ನಗಬಹುದು ಎಂದು ಅವರ ಲೆಕ್ಕ.

ಅವಳು ಓಡಲಿಲ್ಲ. "ಒಯ್ಯಂಗಿಲ್ರಿ. ನಿಮ್ಮಲ್ಲೇ ಬೆಳೀಲಿ. ಆದ್ರ ಆರಿಸಿಕೊಳ್ಳೋದು ಯಾವಾಗ?" ಎಂದು ಕೇಳಿದಳು.

ಅತ್ತೆ ನಗುವುದು ಬಿಟ್ಟು ಬೆರಳು ಮಡಚಿ ತಿಂಗಳು ಎಣಿಸಿದರು.

ಆರಿಸುವುದು ಎರಡು ತಿಂಗಳಿಗೆ, ತಾಯಿ ಮರಿಗಳನ್ನು ಕುಕ್ಕಿ ದೂರ ಮಾಡುವ ಹೊತ್ತಿಗೆ. ಅಷ್ಟರಲ್ಲಿ ಯಾವುದು ಹ್ಯಾಟೆ, ಯಾವುದು ಹುಂಜ ಎಂದು ನೆತ್ತಿಯ ಜುಟ್ಟು ನೋಡಿದರೆ ತಿಳಿಯುತ್ತದೆ. ಕೋಳಿ ಕಂಡವರಾರೂ ಹುಂಜ ಆರಿಸುವುದಿಲ್ಲ. ಮನೆಗೆ ಒಂದು ಹುಂಜ ಸಾಕು, ಉಳಿದವು ಸಾರಿಗೆ, ಸಂತೆಗೆ. ಹ್ಯಾಟೆಯಾದರೆ ಮೊಟ್ಟೆ, ಮೊಟ್ಟೆಯಿಂದ ಮರಿ. ನಮ್ಮ ಅಕ್ಕ ಗೋಡೆಗೆ ಮೊಣಕೈ ಊರಿ, ಸೀರೆ ಆರಿಸುವವರ ಹಾಗೆ ಆರಿಸಿದಳು. "ಅದು, ನೆತ್ತಿ ಮ್ಯಾಲ ಕೆಂಪಗ ಮೂಡೈತಲ್ಲ, ಅದು. ಆ ಉದ್ದ ಕಾಲಿಂದು. ಆ ಎದಿ ಸೆಟಿಸಿಕೊಂಡು ನಿಂತೈತಲ್ಲ, ಅದೂ ನಂದು." ಐದು ಆರಿಸಿದಳು. ಐದೂ ಹುಂಜ. ನಾನು ಹೇಳಲೆಂದು ಬಾಯಿ ತೆರೆದೆ. ಅತ್ತೆ ಮುಖ ಆ ಕಡೆ ಇಟ್ಟುಕೊಂಡೇ ನನ್ನ ಹೆಬ್ಬೆರಳನ್ನು ತುಳಿದರು. ಐದು ಹ್ಯಾಟೆ ನಮಗುಳಿದ ಸಂತೋಷ ಅವರ ಹಿಮ್ಮಡಿಯ ಭಾರದಲ್ಲಿ ನನಗೆ ಚೆನ್ನಾಗಿ ತಿಳಿಯಿತು.

ಅತ್ತೆ ಒಳಗೆ ಹೋದ ಮೇಲೆ ಅಕ್ಕ ಮೆಲ್ಲಗೆ ಹೇಳಿದಳು. "ತಂಗಿ, ನನ್ನವನ್ನ ಕೊಯ್ಯಂಗಿಲ್ಲ. ಮಾರಂಗೂ ಇಲ್ಲ. ಆಣಿ ಮಾಡು."

ಹುಂಜದ ವಿಷಯ ಹೇಳದೆ ಮೋಸ ಮಾಡಿದೆನಲ್ಲ ಎಂದು ನನ್ನ ಮನಸ್ಸು ಚುಚ್ಚುತ್ತಿತ್ತು. ಅದಕ್ಕೆ ಧಾರಾಳಿಯಾದೆ. "ಬೀರಪ್ಪನ ಆಣಿ ಅಕ್ಕಾರ. ಕೊಯ್ಯಂಗಿಲ್ಲ, ಮಾರಂಗಿಲ್ಲ, ಯಾರ ಕೈಗೂ ಕೊಡಂಗಿಲ್ಲ." ಅವಳು ಕೇಳಿದ್ದು ಎರಡು. ಮೂರನೆಯದನ್ನು ಸೇರಿಸಿದವಳು ನಾನೇ. ಬೀರಪ್ಪ ನಮ್ಮ ಮನೆದೇವರು. ನಮ್ಮ ಕುರಿ, ನಮ್ಮ ಕಂಬಳಿ, ನಮ್ಮ ಗಂಡಸರು ಎಲ್ಲರೂ ಅವನ ವಶ. ಅವನ ಹೆಸರನ್ನು ನಾನು ಉಪ್ಪು ಚೆಲ್ಲಿದಷ್ಟು ಸಲೀಸಾಗಿ ಚೆಲ್ಲಿಬಿಟ್ಟೆ.

ಗುರುತಿಗೆ ಕಾಲುಬೆರಳಿನ ಉಗುರು ಕತ್ತರಿಸುವುದು ಊರಿನ ರೂಢಿ. ಅಕ್ಕ ಅದು ಬೇಡವೆಂದಳು. ಮಾರನೆಯ ದಿನ ಗೋಡೆಯ ಮೇಲಿಂದ ಐದು ತುಂಡು ರೇಷ್ಮೆ ನೂಲು ಇಳಿದು ಬಂದವು. ಕೆಂಪು, ಹಸಿರು, ಹಳದಿ, ನೇರಳೆ, ಬಿಳಿ. ನಾನು ಒಂದೊಂದರ ಕಾಲಿಗೂ ಕಟ್ಟಿದೆ. ನಾರಾಯಣಪೇಟೆಯ ಸೀರೆಗೆ ಸೇರಬೇಕಾದ ರೇಷ್ಮೆ ನಮ್ಮ ತಿಪ್ಪೆಯಲ್ಲಿ ಓಡಾಡತೊಡಗಿತು.

ಆರು ತಿಂಗಳಲ್ಲಿ ಐದೂ ಕೊಬ್ಬಿದವು. ನಮ್ಮ ಹಳೆಯ ಹುಂಜ ಮೂರೇ ದಿನ ಕಾದಾಡಿ, ನಾಲ್ಕನೆಯ ದಿನ ಒರಳಿನ ಸಂದಿಯಲ್ಲಿ ಸನ್ಯಾಸ ತೆಗೆದುಕೊಂಡಿತು. ಕೆಂಪು ದಾರದ್ದು ನೀರಿನ ಬಾನಿಯಲ್ಲಿ ತನ್ನದೇ ಮುಖ ಕಂಡು ಅದರ ಜೊತೆ ಜಗಳಕ್ಕೆ ನಿಲ್ಲುತ್ತಿತ್ತು. ಹಸಿರಿನದು ಬಾಯಲ್ಲಿ ಏನೂ ಇಲ್ಲದಿದ್ದರೂ ಕಾಳು ಸಿಕ್ಕಿದೆಯೆಂದು ಹ್ಯಾಟೆಗಳನ್ನು ಕರೆದು ಮೋಸ ಮಾಡುತ್ತಿತ್ತು. ಹಳದಿಯದಕ್ಕೆ ಲೋಕದಲ್ಲಿ ಒಬ್ಬರೇ ವೈರಿ, ನನ್ನ ಅತ್ತೆ. ಅವರು ಬಗ್ಗಿ ಕಸ ಗುಡಿಸಿದರೆ ಸಾಕು, ಎಲ್ಲಿದ್ದರೂ ಹಾರಿ ಬಂದು ಹಿಮ್ಮಡಿ ಕುಕ್ಕುತ್ತಿತ್ತು. ನನ್ನ ಹೆಬ್ಬೆರಳು ತುಳಿದ ಅದೇ ಹಿಮ್ಮಡಿ, ಹಾಗಾಗಿ ನಾನು ಅದನ್ನು ಗದರುತ್ತಿರಲಿಲ್ಲ. ನೇರಳೆ ಮತ್ತು ಬಿಳಿ ಅಣ್ಣತಮ್ಮಂದಿರ ಹಾಗೆ ಬೆಳಿಗ್ಗೆ ಹೊಡೆದಾಡಿ, ಮಧ್ಯಾಹ್ನ ಒಂದೇ ನೆರಳಲ್ಲಿ ಮಲಗುತ್ತಿದ್ದವು. ಹ್ಯಾಟೆಗಳ ಬೆನ್ನಿನ ಪುಕ್ಕ ಉದುರಿ ಬೋಳಾದವು. ಜೋಳದ ನುಚ್ಚು ಎಷ್ಟು ಹಾಕಿದರೂ ಸಾಲದು. ಅಕ್ಕ ಮಾತ್ರ ಗೋಡೆಗೆ ಒರಗಿ, ಐದು ಗಂಡುಮಕ್ಕಳ ತಾಯಿಯ ಗತ್ತಿನಲ್ಲಿ ನೋಡುತ್ತಿದ್ದಳು.

ಒಂದು ದಿನ ಅತ್ತೆ, "ಈ ಸಂತಿಗೆ ಎರಡು ಒಯ್ತೀನಿ, ಹಳದೀದು ಮೊದಲು" ಎಂದರು. ಆಗ ನಾನು ಆಣೆಯ ವಿಷಯ ಹೇಳಲೇಬೇಕಾಯಿತು. ಅವರು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಆಣಿ ಮಾಡಾಕ ನಿನಗ ಬ್ಯಾರೆ ದೇವ್ರು ಸಿಗಲಿಲ್ಲೇನು? ಯಾವದರ ಪರೂರ ದೇವ್ರ ಮ್ಯಾಲ ಮಾಡಿದ್ರ ಹ್ಯಾಂಗರ ಮಾಡಿ ದಾಟಬಹುದಿತ್ತು. ಮನೀದೇವ್ರನ್ನೇ ತಂದು ನಡುವ ನಿಲ್ಲಿಸಿದ್ಯಲ್ಲ!"

ಬೈದರು, ಆದರೆ ಸಂತೆಗೆ ಒಯ್ಯಲಿಲ್ಲ. ಅವತ್ತಿನಿಂದ ಕಸ ಗುಡಿಸುವಾಗ ಹಿಮ್ಮಡಿಗೆ ಚಿಂದಿ ಸುತ್ತಿಕೊಳ್ಳುತ್ತಿದ್ದರು.

ಆಗ ನಿಜಾಮರ ಸರ್ಕಾರ. ಕಂದಾಯದ ಗಿರ್ದಾವರ ಎಂದರೆ ನಮಗೆ ತಹಶೀಲ್ದಾರನಿಗಿಂತ ದೊಡ್ಡವನು, ಯಾಕೆಂದರೆ ಅವನು ಊರಿಗೇ ಬರುತ್ತಿದ್ದ. ಹೊಲ, ಬೆಳೆ ನೋಡಲು ದೌರಾ ಬಂದನೆಂದರೆ ಚಾವಡಿಯಲ್ಲಿ ಎರಡು ದಿನ ಬಿಡಾರ. ಸಾವ್ಕಾರರ ಮನೆಯಿಂದ ಅಕ್ಕಿ, ತುಪ್ಪ. ಗೌಡರ ಮನೆಯಿಂದ ಹಾಲು. ನಮ್ಮಂಥವರ ಮನೆಯಿಂದ ಕೋಳಿ. ಕೇಳಿ ತೆಗೆದುಕೊಳ್ಳುವ ರಿವಾಜು ಇರಲಿಲ್ಲ. ಅವನ ಕುದುರೆಯ ಧೂಳು ಕಂಡ ಕೂಡಲೇ ಊರಿನ ಕೋಳಿಗಳೆಲ್ಲ ಅಟ್ಟ ಹತ್ತುತ್ತಿದ್ದವು, ಕಾಳಿನ ಗುಮ್ಮಿಯೊಳಗೆ ಇಳಿಯುತ್ತಿದ್ದವು.

ಒಂದು ಬೆಳಿಗ್ಗೆ ಹಾಗೆ ಧೂಳು ಕಂಡಿತು. ನಾನೂ ಅತ್ತೆಯೂ ಐದನ್ನೂ ಹಿಡಿದು, ಒಂದೊಂದಕ್ಕೆ ಒಂದೊಂದು ಬುಟ್ಟಿ ಮುಚ್ಚಿ, ಮೇಲೆ ಗೋಣಿಚೀಲ ಹೊದಿಸಿ, ಅದರ ಮೇಲೆ ಬೆರಣಿ ಪೇರಿಸಿ ಕೂತೆವು. ಊರಿನ ಕಂದಾಯ ನೋಡುವ ಮಾಲಿ ಪಟೇಲರು ಬಾಗಿಲಿಗೆ ಬಂದರು. ಒಳ್ಳೆಯ ಮನುಷ್ಯ, ಕೆಟ್ಟ ಕೆಲಸ ಅವರ ಪಾಲಿಗೆ ಬಂದಿತ್ತು. "ಕೋಳಿ ಎಲ್ಲಿ ಅದಾವವ್ವಾ?" ಎಂದು ಕೇಳಿದರು. "ಎಲ್ಲೀ ಕೋಳ್ರಿ ಪಟೇಲ್ರ, ಬ್ಯಾನಿ ಬಂದು ಹೋದವು" ಎಂದು ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದಾಗ ಬೆರಣಿಯ ಕೆಳಗಿಂದ ಒಂದು ಕೂಗಿತು. ಕೂಗಿದ ಮೇಲೆ ಉಳಿದ ನಾಲ್ಕು ಸುಮ್ಮನಿರುತ್ತವೆಯೇ? ಸರದಿಯ ಮೇಲೆ ಉತ್ತರ ಕೊಟ್ಟವು.

ಪಟೇಲರು ನಗಲಿಲ್ಲ, ಅದು ಅವರ ದೊಡ್ಡತನ. ಬುಟ್ಟಿ ಎತ್ತಿದರು. ಕಾಲಿನ ದಾರ ಕಂಡು ಅವರ ಮುಖ ಅರಳಿತು. "ಇದೇನು ದಾರ? ದೇವಿಗೆ ಬಿಟ್ಟ ಹರಕಿ ಹುಂಜಾನ? ಹಂಗಿದ್ರ ಹೇಳಿಬಿಡ್ರಿ. ನಾ ಮುಟ್ಟಂಗಿಲ್ಲ, ಸಾಹೇಬ್ರೂ ಮುಟ್ಟಂಗಿಲ್ಲ."

ಅವರು ಬೇಕೆಂದೇ ದಾರಿ ತೋರಿಸುತ್ತಿದ್ದರು. ಹರಕೆಯ ಹುಂಜವನ್ನು ನಮ್ಮ ಸೀಮೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಹೌದು ಎಂದರೆ ಸಾಕಿತ್ತು. ಆದರೆ ಹಾಗೆ ಎಂದ ಮೇಲೆ ಅದು ಸುಳ್ಳಾಗಿ ಉಳಿಯುವುದಿಲ್ಲ. ದೇವಿಯ ಹೆಸರು ಹೇಳಿದೆವೆಂದರೆ ಅವು ಅವಳವೇ ಆದವು, ಮುಂದಿನ ಜಾತ್ರೆಗೆ ನಾವೇ ಅವಳ ಮುಂದೆ ಕೊಯ್ಯಬೇಕು. ಅತ್ತೆ ಬಾಯಿ ತೆರೆದು ನನ್ನ ಕಡೆ ನೋಡಿದರು. ಬೀರಪ್ಪ ಒಂದು ಕಡೆ, ದೇವಿ ಒಂದು ಕಡೆ, ಗಿರ್ದಾವರ ಒಂದು ಕಡೆ. ನನ್ನ ಮೂರನೆಯ ಮಾತು ಅವತ್ತು ನನ್ನ ಕುತ್ತಿಗೆಗೆ ಬಂತು.

"ಅಲ್ರಿ. ಹರಕೀವು ಅಲ್ಲ" ಎಂದೆ.

"ಮತ್ತ ಯಾರವು?"

ಹೇಳುವುದು ಹೇಗೆ? ಸಾವ್ಕಾರರ ಹೆಂಡತಿಯ ಹೆಸರು ಹುಂಜದ ಜೊತೆ ಬಂದರೆ ಅವಳ ಗತಿಯೇನು? ನಾನು ತಲೆ ತಗ್ಗಿಸಿದೆ. ಪಟೇಲರು ನಿಟ್ಟುಸಿರು ಬಿಟ್ಟು, ಐದರ ಕಾಲೂ ಕಟ್ಟಿಸಿ ಹೊರಿಸಿಕೊಂಡು ಹೋದರು.

ನಾನು ಗೋಡೆಗೆ ಓಡಿದೆ. ಅಕ್ಕ ಅಲ್ಲೇ ನಿಂತಿದ್ದಳು, ಕೈಯಲ್ಲಿ ಒದ್ದೆ ಬಟ್ಟೆ. "ಹೋದವು ಅಕ್ಕಾರ. ಐದೂ ಒಯ್ದ್ರು. ನನ್ನ ಆಣಿ ಮುರೀತು" ಎಂದು ಅಳತೊಡಗಿದೆ. ಅವಳು ಬಟ್ಟೆಯನ್ನು ಗೋಡೆಯ ಮೇಲೆ ಹಾಕಿ ಒಳಗೆ ಹೋದಳು. ಅಳಲು ಹೋದಳೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವರ ಮುಂಬಾಗಿಲು ತೆರೆದ ಸದ್ದಾಯಿತು. ಜೊತೆಗೆ ಯಾರೂ ಇಲ್ಲದೆ, ಹಗಲು ಹೊತ್ತಿನಲ್ಲಿ, ಸಾವ್ಕಾರರ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ಓಣಿಗೆ ಇಳಿದಿದ್ದಳು. ನಾನು ಹಿಂದೆ ಓಡಿದೆ. ನನ್ನ ಹಿಂದೆ ಅತ್ತೆ, ಹಿಮ್ಮಡಿಯ ಚಿಂದಿ ಎಳೆಯುತ್ತ.

ಚಾವಡಿಯಲ್ಲಿ ಗಿರ್ದಾವರ ಹಗ್ಗದ ಮಂಚದ ಮೇಲೆ ಕೂತಿದ್ದ. ಪಕ್ಕದ ಚಾಪೆಯ ಮೇಲೆ ತುಪ್ಪದ ಗಡಿಗೆ ಒಪ್ಪಿಸಲು ಬಂದ ಸಾವ್ಕಾರರು. ಅಂಗಳದಲ್ಲಿ ಅಡುಗೆಯವನು ಕಲ್ಲಿನ ಮೇಲೆ ಕತ್ತಿ ಮಸೆಯುತ್ತಿದ್ದ. ಐದು ಹುಂಜಗಳು ಕಾಲು ಕಟ್ಟಿಸಿಕೊಂಡು ಬಿದ್ದಿದ್ದವು. ಅಷ್ಟರಲ್ಲೂ ಹಳದಿಯದು ಅತ್ತೆಯ ಕಡೆ ತಿರುಗಿ ನೋಡಿತು.

ಅಕ್ಕ ಮೆಟ್ಟಿಲ ಕೆಳಗೆ ನಿಂತಳು. "ಆ ಹುಂಜ ನನ್ನವ್ರಿ" ಎಂದಳು.

ಪಟೇಲರು ಗಾಬರಿಯಾದರು. "ತಾಯಿ, ಅವು ಕುರುಬರ ಮನೀವು."

"ಬೆಳಿಯೋದು ಅವರ ಮನ್ಯಾಗ. ಹುಟ್ಟಿದ್ದು ನಮ್ಮ ಬಣವ್ಯಾಗ. ನನ್ನ ಪಾಲಿಗೆ ಬಂದವು ಐದು. ಅವು ನನ್ನವು."

ಗಿರ್ದಾವರ ಮೊದಲು ನಕ್ಕ. ಬೇರೆ ಯಾರೂ ನಗದಿದ್ದುದನ್ನು ಕಂಡು ನಿಲ್ಲಿಸಿದ. "ಕ್ಯಾ ಸಾವ್ಕಾರ್? ನಿಮ್ಮ ಮನೀಲಿ ಮುರ್ಗಾ? ನೀವು ಅಂಡಾ ಭೀ ಮುಟ್ಟೋದಿಲ್ಲ ಅಂತಾರಲ್ಲ? ಸಬೂತ್ ಏನೈತಿ?"

ಸಾವ್ಕಾರರ ಬದಲು ಅಕ್ಕನೇ ಉತ್ತರ ಕೊಟ್ಟಳು. "ಕಾಲಾಗಿನ ದಾರ ನೋಡ್ರಿ. ಅಂಥಾ ರೇಷ್ಮಿ ಈ ಊರಾಗ ಯಾರ ಅಂಗಡ್ಯಾಗ ಐತಿ, ಯಜಮಾನರನ್ನ ಕೇಳ್ರಿ."

ಎಲ್ಲರೂ ಸಾವ್ಕಾರರ ಕಡೆ ತಿರುಗಿದರು. ಅವರು ಎದ್ದು, ಮೆಟ್ಟಿಲಿಳಿದು, ಹುಂಜಗಳ ಹತ್ತಿರ ಬಗ್ಗಿದರು. ಮುಟ್ಟಲಿಲ್ಲ. ಬಹಳ ಹೊತ್ತು ದಾರವನ್ನು ನೋಡಿದರು. ಅವರಿಗೆ ಸುಲಭದ ದಾರಿ ಇತ್ತು. ಗೊತ್ತಿಲ್ಲ ಎಂದರೆ ಅವರ ಕುಲ, ಅವರ ಅಂಗಡಿ, ಅವರ ಮಾನ ಎಲ್ಲ ಉಳಿಯುತ್ತಿದ್ದವು. ಹೆಂಡತಿ ಒಬ್ಬಳು ಊರ ಮುಂದೆ ಸುಳ್ಳುಗಾತಿಯಾಗುತ್ತಿದ್ದಳು, ಅಷ್ಟೇ. ನಾನು ಅವರ ಬಗ್ಗೆ ಅಲ್ಲಿಯ ತನಕ ಒಂದೂ ಒಳ್ಳೆಯ ಮಾತು ಆಡಿದವಳಲ್ಲ. ಅವರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಹೆಂಡತಿಯ ಕಡೆ ನೋಡಿದರು. ಆಮೇಲೆ ಹೇಳಿದರು.

"ನಮ್ಮವ್ರೀ ಸಾಹೇಬ್ರ. ನಮ್ಮ ಮನೀ ಹುಂಜ."

ಗಿರ್ದಾವರ ತೊಡೆ ತಟ್ಟಿ ನಕ್ಕ. "ನಿಮ್ಮ ಮುರ್ಗಾ ತಿಂದ್ರ ನಾಳೆ ನಮಗ ತುಪ್ಪ ಯಾರು ಕೊಡ್ತಾರ ಸಾವ್ಕಾರ್? ಏ, ಬಿಚ್ಚೋ ಅವನ್ನ!" ಅವತ್ತು ಆ ದೊಡ್ಡ ಸಾಹೇಬ ಬದನೆಕಾಯಿ ಪಲ್ಯ ಉಂಡ. ಅಡುಗೆಯವನು ಮಸೆದ ಕತ್ತಿಯಲ್ಲಿ ಬದನೆಕಾಯಿ ಹೆಚ್ಚಿದ.

ನಾನು ಎರಡು, ಅತ್ತೆ ಮೂರು ಎತ್ತಿಕೊಂಡು ಮನೆಗೆ ಬಂದೆವು. ಅತ್ತೆ ಹಳದಿಯದನ್ನು ಎದೆಗವಚಿಕೊಂಡಿದ್ದರು, ಅದು ದಾರಿಯುದ್ದಕ್ಕೂ ಅವರ ಬಳೆ ಕುಕ್ಕುತ್ತಿತ್ತು. ಊರೆಲ್ಲ ಗೆದ್ದಷ್ಟು ಹಿಗ್ಗು ನಮಗೆ.

ಹಿಗ್ಗು ನಾಲ್ಕು ದಿನ ಇತ್ತು. ಸಾವ್ಕಾರರ ಕಡೆಯ ಹಿರಿಯರು ಬಂದು ಕೂತು ಮಾತಾಡಿದರು. ಏನು ಮಾತಾಡಿದರೋ ನಮಗೆ ಕೇಳಿಸಲಿಲ್ಲ. ಐದನೆಯ ದಿನ ಗೌಂಡಿಗಳು ಬಂದು ಹಿತ್ತಲಗೋಡೆಯನ್ನು ಏರಿಸತೊಡಗಿದರು. ನನ್ನ ಎದೆಯ ಮಟ್ಟಕ್ಕಿದ್ದದ್ದು ಎರಡು ಆಳೆತ್ತರವಾಯಿತು. ಸಾವ್ಕಾರರು ಒಂದು ದಿನವೂ ಆ ಕಡೆ ನಿಂತು ಕೆಲಸ ನೋಡಲಿಲ್ಲ. ಆದರೆ ಪ್ರತಿ ಅಮಾವಾಸ್ಯೆ ಅವರ ಆಳು ಒಂದು ಬುಟ್ಟಿ ಜೋಳದ ನುಚ್ಚು ತಂದು ನಮ್ಮ ಕಟ್ಟೆಯ ಮೇಲೆ ಇಟ್ಟು, "ಸಾವ್ಕಾರ್ರು ಕೊಟ್ಟಾರ" ಎಂದು ಹೇಳಿ ಹೋಗುತ್ತಿದ್ದ. ಯಾರಿಗೆ, ಯಾಕೆ ಎಂದು ಅವನೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಗಂಡ ಕುರಿ ಹಿಂದೆ ಹೊರಟಾಗ ನಾನು ಅತ್ತದ್ದು ನೆನಪಿಲ್ಲ. ಆ ಗೋಡೆ ಎದ್ದಾಗ ನಾನು ಅತ್ತುಬಿಟ್ಟೆ, ನಾಚಿಕೆ ಬಿಟ್ಟು ಅತ್ತುಬಿಟ್ಟೆ. ನನ್ನ ಆಣೆ ಉಳಿಸಲು ಅವಳು ಓಣಿಗೆ ಇಳಿದಳು. ಅವಳ ಹುಂಜಗಳು ನನ್ನ ಅಂಗಳದಲ್ಲೇ ಇದ್ದವು, ಅವಳಿಗೆ ಅವು ಕಾಣದಾದವು.

ಗೋಡೆಯ ಕೆಲಸ ಮುಗಿದ ಮರುದಿನ ಬೆಳಿಗ್ಗೆ ಬುಟ್ಟಿ ಎತ್ತಿದವಳು ತಡೆಯಲಾರದೆ ಗೋಡೆಗೆ ಮುಖ ಮಾಡಿ ಕೂಗಿದೆ. "ಅಕ್ಕಾರಾ, ಐದೂ ಅದಾವ್ರೀ!" ಆಮೇಲೆ ಆಚೆಯಿಂದ ಒಂದು ಸಣ್ಣ "ಹ್ಞೂಂ". ಅಷ್ಟೇ. ಮಾರನೆಯ ದಿನವೂ ಕೂಗಿದೆ. ಹಾಗೆ ದಿನಾ. ನಮ್ಮ ಓಣಿಯವರೆಲ್ಲ ಹೊತ್ತು ಗೊತ್ತು ಮಾಡಿಕೊಳ್ಳುತ್ತಿದ್ದುದು ಹುಂಜದ ಕೂಗಿನಿಂದಲ್ಲ, ನನ್ನದರಿಂದ ಎಂದು ಅತ್ತೆ ಅಣಕಿಸುತ್ತಿದ್ದರು.

ಎರಡನೆಯ ವರ್ಷದ ಬೇಸಿಗೆಯ ಕೊನೆಯಲ್ಲಿ ಕೋಳಿಗಳಿಗೆ ಬ್ಯಾನೆ ಬಂತು. ಬಿಳಿ ದಾರದ್ದು ಕುತ್ತಿಗೆ ತಿರುಚಿಕೊಂಡು ಒಂದು ದಿನವೆಲ್ಲ ನರಳಿ ಸತ್ತಿತು. ಬೇವಿನ ಬುಡದಲ್ಲಿ ಹುಗಿದೆ. ಮಾರನೆಯ ಬೆಳಿಗ್ಗೆ ಗೋಡೆಯ ಮುಂದೆ ನಿಂತು, ನಾಲ್ಕು ಎನ್ನಲು ಬಾಯಿ ತೆರೆದೆ. ಬರಲಿಲ್ಲ. ಅಷ್ಟು ದೊಡ್ಡ ಗೋಡೆಯ ಆಚೆಗೆ ಸಾವಿನ ಸುದ್ದಿ ಎಸೆಯುವುದು ನನ್ನಿಂದಾಗಲಿಲ್ಲ. "ಐದೂ ಅದಾವ್ರೀ!" ಎಂದು ಎಂದಿಗಿಂತ ಜೋರಾಗಿ ಕೂಗಿದೆ. "ಹ್ಞೂಂ" ಎಂದಳು. ಆಮೇಲೆ ಹಸಿರಿನದನ್ನು ಮುಂಗುಸಿ ಹಿಡಿಯಿತು, ಐದು ಎಂದೆ. ನೇರಳೆ ಹೋಯಿತು, ಕೆಂಪು ಹೋಯಿತು, ಐದೇ ಎಂದೆ. ಹಳದಿಯದೊಂದು ಮುದಿಯಾಗಿ, ಕಣ್ಣು ಕಾಣದೆ, ವಾಸನೆಯ ಮೇಲೆ ಅತ್ತೆಯನ್ನು ಹುಡುಕಿ ಕುಕ್ಕುತ್ತ ಉಳಿದಿತ್ತು. ಆಗಲೂ ಐದು. "ಏ ಹುಡುಗಿ, ನಿನಗ ಎಣಸಾಕ ಬರಂಗಿಲ್ಲೇನು?" ಎಂದು ಅತ್ತೆ ಒಂದು ಸಲ ಕೇಳಿದರು. ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ಹಳದಿಯದೂ ಸಾಯುವ ಮೊದಲೇ ಸಾವ್ಕಾರರು ವ್ಯಾಪಾರವನ್ನು ನಾರಾಯಣಪೇಟೆಗೆ ಎತ್ತಿಕೊಂಡು ಹೋದರು. ಬಂಡಿ ಹೊರಟ ದಿನ ನಾನು ಕೂಗಿದಾಗ ಆಚೆಯಿಂದ ಉತ್ತರ ಬರಲಿಲ್ಲ.

ಮೂರು ವರ್ಷದ ಮೇಲೆ ಗಂಡನ ಚಿಕ್ಕಪ್ಪನ ಮಗಳ ಮದುವೆಯ ಸೀರೆಗೆಂದು ನಾರಾಯಣಪೇಟೆಗೆ ಹೋದೆ. ಅಂಗಡಿಯ ಒಳಬಾಗಿಲಲ್ಲಿ ಅವಳು ಕೂತಿದ್ದಳು. ಕೂದಲು ಮುಂದೆ ಸ್ವಲ್ಪ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ಬಂದು, ಎಷ್ಟೋ ಜನ ಗಿರಾಕಿಗಳ ಎದುರಿಗೆ ನನ್ನ ಕೈ ಹಿಡಿದಳು. ಗೋಡೆ ಇಲ್ಲದೆ ನಾವಿಬ್ಬರೂ ಎದುರುಬದುರು ನಿಂತದ್ದು ಕಡಿಮೆ. ಸಾವ್ಕಾರರು ಸೀರೆ ಮಡಚುತ್ತ ನಮ್ಮ ಕಡೆ ನೋಡಿ, ಮುಖ ಆ ಕಡೆ ತಿರುಗಿಸಿಕೊಂಡರು. ಅವಳೇ ಕೇಳಿದಳು.

"ತಂಗಿ, ಬಿಳೀದು ಹ್ಯಾಂಗ ಸತ್ತಿತು?"

"ನಿಮಗ್ಯಾರು ಹೇಳಿದ್ರು ಅಕ್ಕಾರ?"

"ಯಾರು ಹೇಳಬೇಕು? ಮುಂಜಾನಿ ನಾಕು ಕೂಗಿದ್ವು. ಐದನೇದು ಕೂಗತೈತಿ ಅಂತ ಬಾವಿ ಕಟ್ಟಿ ಮ್ಯಾಲ ಕಾಯಕೋತ ಕುಂತಿದ್ದೆ. ಅಷ್ಟರಾಗ ನೀ ಒದರಿದಿ."

"ಮತ್ತ ಹ್ಞೂಂ ಅಂದ್ರಲ್ಲ! ಅಷ್ಟು ದಿನ ಹ್ಞೂಂ ಅಂದ್ರಲ್ಲ!"

"ಇಲ್ಲ ಅಂದಿದ್ರ ನೀ ಮರುದಿನ ಒದರತಿದ್ದಿಲ್ಲ" ಎಂದಳು.

ನಾನು ಅಂಗಡಿಯ ಹಾಸಿನ ಮೇಲೆ ಕೂತು ಅತ್ತುಬಿಟ್ಟೆ. ಅವಳೂ ಪಕ್ಕದಲ್ಲಿ ಕೂತಳು. ಬಿಳಿಯದು ಹೇಗೆ ಹೋಯಿತು, ಹಸಿರಿನದು ಯಾವ ಸಂಜೆ ಮುಂಗುಸಿಯ ಬಾಯಿಗೆ ಬಿತ್ತು, ಎಲ್ಲೆಲ್ಲಿ ಹುಗಿದೆ, ಒಂದೊಂದಾಗಿ ಅವಳಿಗೆ ಹೇಳುತ್ತ ಹೋದೆ. ಅವಳು ಒಂದೊಂದಕ್ಕೂ ಹ್ಞೂಂ ಎಂದಳು. ಐದೂ ಮುಗಿಯುವ ತನಕ ಸಾವ್ಕಾರರು ನಮ್ಮನ್ನು ಎಬ್ಬಿಸಲಿಲ್ಲ.